ವಿಕಿಪೀಡಿಯದ ರಾಜಕೀಯ ಪುಟಗಳಲ್ಲಿ ಜಗಳ ಎಲ್ಲಿಂದ ಎಲ್ಲಿಗೆ ಬಂತು?

ವಿಕಿಪೀಡಿಯ ಈಗ ಪದೇ ಪದೇ ಸುದ್ದಿಯಾಗುತ್ತಿದೆ, ಅದೂ ಕೋರ್ಟು, ಪೊಲೀಸು, ಸಚಿವಾಲಯದ ಕಾರಣಕ್ಕೆ. 2022ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಅರ್ಶ್‌ದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. ಅವರ ಪುಟದಲ್ಲಿ ಯಾರೋ ‘ಖಲಿಸ್ತಾನ’ ಅಂತ ಸೇರಿಸಿದರು. ಬೇರೆ ಸಂಪಾದಕರು, ಅಂದರೆ ಅಲ್ಲಿ ಪುಟ ಬರೆದು ತಿದ್ದುವವರು, ಸ್ವಲ್ಪ ಹೊತ್ತಿನಲ್ಲೇ ಅದನ್ನು ತೆಗೆದರೂ ಕೇಂದ್ರದ ಐಟಿ ಸಚಿವಾಲಯ ವಿವರಣೆ ಕೇಳಿತು. 2024ರ ಜುಲೈನಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಬಗೆಗಿನ ಪುಟದ ವಿಚಾರಕ್ಕೆ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಪುಟದ ವಿಚಾರಕ್ಕೆ ಮಹಾರಾಷ್ಟ್ರದ ಸೈಬರ್ ಪೊಲೀಸರು ಕೆಲವು ಸಂಪಾದಕರ ಮೇಲೆ ಕೇಸ್ ಹಾಕಿದರು. ಒಂದೊಂದು ಸುದ್ದಿಯನ್ನೂ ಬಿಡಿಬಿಡಿಯಾಗಿ ಓದಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅಲ್ಲಿ ಬರೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ತಪ್ಪಿದ್ದರೆ ತಿದ್ದೋದು ಯಾರು ಅನ್ನುವ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ವಿಕಿಪೀಡಿಯ ಯಾರಿಗೂ ಬರೆಯಲು ಸಂಬಳ ಕೊಡುವುದಿಲ್ಲ. ಬರೆಯುವವರು ಬಹುಪಾಲು ಸ್ವಯಂಸೇವಕರು. ಸರ್ವರ್, ಸಾಫ್ಟ್‌ವೇರ್, ಕಾನೂನು ವ್ಯವಹಾರ ನೋಡಿಕೊಳ್ಳುವುದು ಅಮೆರಿಕದ ವಿಕಿಮೀಡಿಯ ಫೌಂಡೇಶನ್. ಯಾವ ಪುಟದಲ್ಲಿ ಏನಿರಬೇಕು ಅಂತ ಸಾಮಾನ್ಯವಾಗಿ ಅದು ಹೇಳುವುದಿಲ್ಲ. ಇದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಮುಂದಿನ ಗೊಂದಲ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟಿದ್ದು.

ಶುರುವಾಗಿದ್ದು 2001ರ ಜನವರಿ 15ರಂದು. ಅದಕ್ಕೂ ಮೊದಲು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ನ್ಯೂಪೀಡಿಯ ಎಂಬ ವಿಶ್ವಕೋಶ ಕಟ್ಟಲು ಹೊರಟಿದ್ದರು. ಅಲ್ಲಿ ತಜ್ಞರು ಬರೆಯಬೇಕಿತ್ತು, ಲೇಖನ ಏಳು ಹಂತದ ಪರಿಶೀಲನೆ ದಾಟಬೇಕಿತ್ತು, ಹಾಗಾಗಿ ಮೊದಲ ವರ್ಷದಲ್ಲಿ ಮುಗಿದದ್ದು ಎರಡು ಡಜನ್ ಲೇಖನವೂ ಇಲ್ಲ. ಬೇಸತ್ತು ಎಲ್ಲರಿಗೂ ಬಾಗಿಲು ತೆರೆದರು. ಜೊತೆಗೆ ಒಂದು ನಿಯಮ ಇಟ್ಟರು: ಬರಹ ತಟಸ್ಥವಾಗಿರಬೇಕು. ಅಂದರೆ ಒಂದು ವಿಷಯದಲ್ಲಿ ಜಗಳವಿದ್ದರೆ ಯಾರ ಪರವೂ ನಿಲ್ಲದೆ, ಯಾರು ಏನು ಹೇಳುತ್ತಾರೆ, ಅವರ ಮಾತಿಗೆ ಎಷ್ಟು ತೂಕವಿದೆ ಅಂತ ಬರೆಯಬೇಕು. ಕೇಳಲು ಸುಲಭ. ರಾಜಕೀಯದ ಪುಟದಲ್ಲಿ ಕೂತು ಪಾಲಿಸುವುದು ಸುಲಭವಲ್ಲ.

ಮೊದಲ ವರ್ಷಗಳ ಜಗಳ ಸಾಲಿನ ಮೇಲೆ ನಡೆಯುತ್ತಿತ್ತು. ಒಬ್ಬರು ಒಂದು ಸಾಲು ಹಾಕುವುದು, ಇನ್ನೊಬ್ಬರು ಅಳಿಸುವುದು, ಮತ್ತೆ ಹಾಕುವುದು. ಜಾರ್ಜ್ ಬುಷ್ ಪುಟದಲ್ಲಿ ಇದು ದಿನನಿತ್ಯದ ಕಥೆಯಾಗಿತ್ತು. 2004ರಲ್ಲಿ ಎರಡು ಕಟ್ಟುಪಾಡು ಬಂದವು. ಒಂದು, 24 ಗಂಟೆಯೊಳಗೆ ಒಂದೇ ಪುಟದಲ್ಲಿ ಬೇರೆಯವರ ಬರಹವನ್ನು ಮೂರಕ್ಕಿಂತ ಜಾಸ್ತಿ ಸಲ ಹಿಂದಕ್ಕೆ ತಿರುಗಿಸಿದರೆ ಖಾತೆಗೆ ತಡೆ. ಇನ್ನೊಂದು, ಸಂಪಾದಕರ ನಡವಳಿಕೆ ವಿಚಾರಿಸಲು ಪಂಚಾಯಿತಿ ಸಮಿತಿ. ಈ ಸಮಿತಿ ‘ಯಾರ ಮಾತು ಸರಿ’ ಅಂತ ತೀರ್ಪು ಕೊಡುವುದಿಲ್ಲ, ‘ಯಾರು ಹೇಗೆ ನಡೆದುಕೊಂಡರು’ ಅನ್ನುವುದನ್ನು ಮಾತ್ರ ನೋಡುತ್ತದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರಿಗೆ ಕೆನಡಿ ಕೊಲೆಯ ನಂಟು ಹಚ್ಚಿದ ಸುಳ್ಳೊಂದು ಸುಮಾರು ನಾಲ್ಕು ತಿಂಗಳು ಅವರ ಪುಟದಲ್ಲಿ ಉಳಿದಿತ್ತು. ಅದು ಬಯಲಾದ ಮೇಲೆ ಖಾತೆ ಇಲ್ಲದವರು ಹೊಸ ಪುಟ ಶುರುಮಾಡುವುದು ನಿಂತಿತು, ಬದುಕಿರುವವರ ಬಗ್ಗೆ ಬರೆಯುವ ನಿಯಮ ಬಿಗಿಯಾಯಿತು, ಗಲಾಟೆಯ ಪುಟಗಳನ್ನು ಖಾತೆ ಇಲ್ಲದವರು, ಹೊಸಬರು ತಿದ್ದದಂತೆ ಅರೆಬೀಗ ಬಂತು. 2006ರಲ್ಲಿ ಅಮೆರಿಕದ ಸಂಸದರ ಕಚೇರಿ ಸಿಬ್ಬಂದಿಯೇ ತಮ್ಮ ಸಾಹೇಬರ ಪುಟ ತಿದ್ದಿದ್ದು ಪತ್ತೆಯಾಯಿತು. 2016ರ ಹೊತ್ತಿಗೆ ಇನ್ನೂ ಗಟ್ಟಿ ಬೀಗ ಬಂದಿತ್ತು: 30 ದಿನ ಹಳೆಯ ಖಾತೆ, 500 ತಿದ್ದುಪಡಿ ಆಗಿದ್ದರೆ ಮಾತ್ರ ಅಂಥ ಪುಟ ತಿದ್ದಬಹುದು.

ಈ ಕಟ್ಟುಪಾಡುಗಳಲ್ಲಿ ಯಾವುದನ್ನೂ ಯಾರೂ ಮೊದಲೇ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ಪೆಟ್ಟು ಬಿದ್ದ ಮೇಲೆ ಹಚ್ಚಿದ ಪಟ್ಟಿಗಳು ಅಷ್ಟೇ.

ಇಷ್ಟೆಲ್ಲ ಬೀಗದ ನಡುವೆ ಕೆಲಸ ನಡೆಯುವುದಾದರೂ ಹೇಗೆ? ಇದು ಹೊರಗಿನವರಿಗೆ ಕಾಣುವುದೇ ಇಲ್ಲ. ಪ್ರತಿ ಲೇಖನದ ಹಿಂದೆ ಒಂದು ಚರ್ಚಾ ಪುಟವಿದೆ, ಯಾವ ಗಳಿಗೆಯಲ್ಲಿ ಯಾರು ಯಾವ ಅಕ್ಷರ ಬದಲಾಯಿಸಿದರು ಎಂಬ ಪೂರ್ತಿ ಇತಿಹಾಸವಿದೆ. ಡೊನಾಲ್ಡ್ ಟ್ರಂಪ್ ಲೇಖನದ ಚರ್ಚಾ ಪುಟ ತೆರೆದು ನೋಡಿ. ಅಲ್ಲಿ ‘ಸದ್ಯದ ಒಮ್ಮತ’ ಎಂಬ ಒಂದು ಪಟ್ಟಿ ಇದೆ, ಐವತ್ತಕ್ಕೂ ಹೆಚ್ಚು ಅಂಶಗಳು, ಒಂದೊಂದಕ್ಕೂ ನಂಬರ್, ಒಂದೊಂದರ ಹಿಂದೆಯೂ ದಿನಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ನಡೆದ ವಾದ. ಟ್ರಂಪ್ ಹೇಳಿದ ಸುಳ್ಳು ಮಾತುಗಳನ್ನು ಮೂಲ ಸಮೇತ ಬರೆಯಬಹುದು, ಆದರೆ ಅವರನ್ನು ‘ಸುಳ್ಳುಗಾರ’ ಎಂದು ವಿಕಿಪೀಡಿಯ ತನ್ನ ದನಿಯಲ್ಲಿ ಕರೆಯಬಾರದು ಅಂತ 2017ರಲ್ಲೇ ತೀರ್ಮಾನವಾಗಿದೆ. ಆ ತೀರ್ಮಾನಕ್ಕೆ ಬಂದವರಲ್ಲಿ ಅವರನ್ನು ಕಂಡರೆ ಆಗದವರೂ ಇದ್ದಿರಬೇಕು. ನನಗೆ ದೊಡ್ಡದಾಗಿ ಕಾಣುವುದು ಇದೇ. ತನಗೆ ಇಷ್ಟವಿಲ್ಲದ ಮನುಷ್ಯನ ಬಗ್ಗೆ ಸಂಯಮದಿಂದ ಬರೆಯಲು ಒಪ್ಪುವುದು ಎಲ್ಲ ಕಡೆ ಸಿಗುವ ಗುಣವಲ್ಲ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಎಲ್ಲರ ಅಭಿಪ್ರಾಯ ಕರೆಯುತ್ತಾರೆ, ಸಾಮಾನ್ಯವಾಗಿ 30 ದಿನ. ಕೊನೆಗೆ ವಾದದಲ್ಲಿ ಭಾಗವಹಿಸದ ಅನುಭವಿ ಸಂಪಾದಕರೊಬ್ಬರು ಅದನ್ನೆಲ್ಲ ಓದಿ ತೀರ್ಮಾನ ಬರೆಯುತ್ತಾರೆ. ಅಲ್ಲಿ ಕೈ ಎಣಿಸುವುದಿಲ್ಲ. ನಿಯಮಕ್ಕೆ ಯಾರ ವಾದ ಹತ್ತಿರವಿದೆ ಅಂತ ನೋಡುತ್ತಾರೆ. ಹತ್ತು ಜನ ಬಂದು ‘ಇದು ನಮಗೆ ಬೇಸರ’ ಅಂದರೂ ಮೂಲ ಹಿಡಿದು ಬಂದ ಒಬ್ಬರ ಮಾತು ಗೆಲ್ಲಬಹುದು. ಹೊಸಬರಿಗೆ ಇದು ಅನ್ಯಾಯ ಅನಿಸುತ್ತದೆ, ಆದರೆ ಗುಂಪು ಕಟ್ಟಿಕೊಂಡು ಬಂದು ಪುಟ ಹಿಡಿಯುವುದನ್ನು ತಡೆದಿರುವುದೂ ಇದೇ ಪದ್ಧತಿ.

2019ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಹೊಂದುತ್ತದೆ. ಎಡ ಬಲ ಎರಡೂ ಕಡೆಯವರು ಸೇರಿ ಬರೆದ ಲೇಖನಗಳ ಗುಣಮಟ್ಟ, ಒಂದೇ ಕಡೆಯವರು ಅಥವಾ ನಡುವಿನವರು ಬರೆದದ್ದಕ್ಕಿಂತ ಚೆನ್ನಾಗಿತ್ತು ಅಂತ ಅದು ಹೇಳಿತು. ಅಲ್ಲಿ ಚರ್ಚೆ ಜಾಸ್ತಿ ಇತ್ತು. ವಿರುದ್ಧ ಪಕ್ಷದವರು ನೋಡುತ್ತಿದ್ದಾರೆ ಎಂದು ಗೊತ್ತಿದ್ದಾಗ ಮನುಷ್ಯ ಮೂಲ ಸರಿಯಾಗಿ ಹುಡುಕುತ್ತಾನೆ, ಅಲ್ವಾ?

ಮೂಲ ಎಂದ ಕೂಡಲೇ ಜಗಳದ ಎರಡನೇ ಘಟ್ಟಕ್ಕೆ ಬಂದೆವು. ವಿಕಿಪೀಡಿಯದಲ್ಲಿ ನೀವು ಕಣ್ಣಾರೆ ಕಂಡದ್ದನ್ನು ಬರೆಯುವ ಹಾಗಿಲ್ಲ. ಹುಬ್ಬಳ್ಳಿಯ ಸಭೆಯಲ್ಲಿ ನೀವೇ ಮುಂದಿನ ಸಾಲಿನಲ್ಲಿ ಕೂತಿದ್ದರೂ ಅದನ್ನು ವರದಿ ಮಾಡಿದ ನಂಬಬಹುದಾದ ಪತ್ರಿಕೆ ಬೇಕು. ಹಾಗಾದರೆ ನಂಬಬಹುದಾದದ್ದು ಯಾವುದು? ಹಿಂದೆಲ್ಲ ಪ್ರತಿ ಸಲ ಇದನ್ನು ಹೊಸದಾಗಿ ಚರ್ಚಿಸುತ್ತಿದ್ದರು. 2017ರ ಫೆಬ್ರವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ಬ್ರಿಟನ್ನಿನ ಡೇಲಿ ಮೇಲ್ ಪತ್ರಿಕೆಯನ್ನು ಸಾಮಾನ್ಯವಾಗಿ ಬಳಸಬಾರದು ಎಂದು ತೀರ್ಮಾನಿಸಿದರು. ಮರುವರ್ಷ, ಮತ್ತೆ ಮತ್ತೆ ಚರ್ಚೆಗೆ ಬರುವ ಪತ್ರಿಕೆ, ಚಾನೆಲ್, ಜಾಲತಾಣಗಳದೇ ಒಂದು ಪಟ್ಟಿ ಶುರುವಾಯಿತು. ಹಸಿರು ಅಂದರೆ ಪರವಾಗಿಲ್ಲ, ಹಳದಿ ಅಂದರೆ ನೋಡಿಕೊಂಡು ಬಳಸಿ, ಕೆಂಪು ಅಂದರೆ ಬೇಡ.

ಕೆಲಸ ಸುಲಭವಾಯಿತು, ನಿಜ. ಆದರೆ ಜಗಳ ಸಾಲನ್ನು ಬಿಟ್ಟು ಈ ಪಟ್ಟಿಯ ಬಾಗಿಲಿಗೆ ಬಂತು. ಒಂದು ಪತ್ರಿಕೆಗೆ ಕೆಂಪು ಬಿದ್ದರೆ ಅದನ್ನು ನಂಬುವ ಓದುಗರೆಲ್ಲ ತಮ್ಮನ್ನೇ ಹೊರಗಿಟ್ಟರು ಎಂದುಕೊಳ್ಳುತ್ತಾರೆ. ಭಾರತದಲ್ಲಿ ಆದದ್ದೂ ಅದೇ. 2020ರ ಫೆಬ್ರವರಿಯ ದೆಹಲಿ ಗಲಭೆಯ ಪುಟ ಬೆಳೆಯುತ್ತಿದ್ದಾಗಲೇ, ಅದು ಏಕಪಕ್ಷೀಯ ಎಂಬ ಟೀಕೆ ಹೊರಗೆ ಜೋರಾಯಿತು. ಆ ಪುಟದಲ್ಲಿ ಕೆಲಸ ಮಾಡಿದ ಸಂಪಾದಕರೊಬ್ಬರ ವೈಯಕ್ತಿಕ ವಿವರ ಬೀದಿಗೆ ಬಂತು. ಮಾರ್ಚ್‌ನಲ್ಲಿ ಭಾರತದ ಎರಡು ಜಾಲತಾಣಗಳ ಕೊಂಡಿಯನ್ನೇ ಹಾಕಲಾಗದಂತೆ ಕಪ್ಪುಪಟ್ಟಿಗೆ ಸೇರಿಸಿದರು. 2021ರಲ್ಲಿ ಎಎನ್‌ಐ ಬಗ್ಗೆಯೂ ಚರ್ಚೆಯಾಗಿ, ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಯಲ್ಲಿ ಅದನ್ನು ನೆಚ್ಚಿಕೊಳ್ಳುವುದು ಬೇಡ ಎಂಬ ಕಡೆಗೆ ಅಭಿಪ್ರಾಯ ವಾಲಿತು.

ಅಲ್ಲಿಂದ ಮೂರನೇ ಘಟ್ಟ. ಎಎನ್‌ಐ ಪುಟದಲ್ಲಿ, ಬೇರೆ ಪತ್ರಿಕೆಗಳ ತನಿಖಾ ವರದಿ ಆಧರಿಸಿ, ಆ ಸಂಸ್ಥೆ ಸರ್ಕಾರದ ಪ್ರಚಾರ ಸಾಧನವಾಗಿದೆ ಎಂಬ ಟೀಕೆ ಇದೆ ಎಂದು ಬರೆದಿತ್ತು. ಸಂಸ್ಥೆ ಮಾನನಷ್ಟವಾಯಿತೆಂದು 2 ಕೋಟಿ ರೂಪಾಯಿ ಪರಿಹಾರ ಕೇಳಿತು. ತಿದ್ದಲು ಹೋದರೆ ಪುಟಕ್ಕೆ ಬೀಗ, ತಿದ್ದಿದ್ದೂ ಉಳಿಯುವುದಿಲ್ಲ ಎನ್ನುವುದೂ ಅದರ ದೂರಿನಲ್ಲಿತ್ತು. 2024ರ ಆಗಸ್ಟ್‌ನಲ್ಲಿ ಹೈಕೋರ್ಟ್ ಮೂವರು ಸಂಪಾದಕರ ವಿವರ ಕೊಡಿ ಎಂದಿತು. ಸೆಪ್ಟೆಂಬರ್‌ನಲ್ಲಿ ಆದೇಶ ಪಾಲನೆಯಾಗಲಿಲ್ಲ ಎಂದು, ವಿಕಿಪೀಡಿಯಕ್ಕೆ ತಡೆ ಹಾಕಲು ಸರ್ಕಾರಕ್ಕೆ ಹೇಳುತ್ತೇವೆ ಎಂಬ ಎಚ್ಚರಿಕೆ ಬಂತು. ಆ ಕೇಸಿನ ಬಗ್ಗೆಯೇ ಸಂಪಾದಕರು ಬರೆದಿದ್ದ ಪುಟವನ್ನು ಅಕ್ಟೋಬರ್‌ನಲ್ಲಿ ಕೋರ್ಟ್ ಆದೇಶದ ಮೇರೆಗೆ ಫೌಂಡೇಶನ್ ತೆಗೆಯಿತು. ನವೆಂಬರ್‌ನಲ್ಲಿ ಒಂದು ದಾರಿ ಹುಡುಕಿದರು. ಸಂಪಾದಕರ ಗುರುತು ಹೊರಗೆ ಬಾರದ ಹಾಗೆ ಫೌಂಡೇಶನ್ನೇ ಸಮನ್ಸ್ ತಲುಪಿಸುವುದು, ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಡುವುದು. ಅದೇ ತಿಂಗಳು ಮಾಹಿತಿ ಮತ್ತು ಪ್ರಸಾರ ಸಚಿವಾಲಯವೂ, ನಿಮ್ಮನ್ನು ಬರೀ ವೇದಿಕೆ ಎನ್ನುವ ಬದಲು ಪ್ರಕಾಶಕರು, ಅಂದರೆ ಬರಹಕ್ಕೆ ಹೊಣೆಗಾರರು ಎಂದು ಯಾಕೆ ಪರಿಗಣಿಸಬಾರದು ಅಂತ ಪತ್ರ ಬರೆದು ಕೇಳಿತು.

2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಎಎನ್‌ಐ ಪುಟದ ಆಕ್ಷೇಪಾರ್ಹ ಭಾಗ ತೆಗೆಯಲು ಹೇಳಿತು. ಸುಪ್ರೀಂ ಕೋರ್ಟ್ ಅದೇ ತಿಂಗಳು ಆ ಆದೇಶವನ್ನು ಬದಿಗಿಟ್ಟು, ವಿಷಯವನ್ನು ಮತ್ತೆ ವಿಚಾರಿಸಲು ಬಿಟ್ಟಿತು. ಮೇ 9ರಂದು, ಕೇಸಿನ ಪುಟ ತೆಗೆಸಿದ ಆದೇಶವನ್ನೂ ರದ್ದು ಮಾಡಿತು. ಕೋರ್ಟುಗಳು ಸಾರ್ವಜನಿಕ ಸಂಸ್ಥೆಗಳು, ಅವು ಚರ್ಚೆಗೂ ಟೀಕೆಗೂ ತೆರೆದಿರಬೇಕು ಎನ್ನುವುದು ಆ ತೀರ್ಪಿನ ಸಾರ. ಮೂಲ ಮಾನನಷ್ಟ ಮೊಕದ್ದಮೆ ಅದರಿಂದ ಮುಗಿಯಲಿಲ್ಲ.

ಮಾನಕ್ಕೆ ಧಕ್ಕೆಯಾಯಿತು ಎನ್ನುವವರಿಗೆ ಕೋರ್ಟಿಗೆ ಹೋಗುವ ಹಕ್ಕಿದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ಒಂದು ಮಾತು ಯೋಚಿಸಬೇಕು. ಚರ್ಚಾ ಪುಟದಲ್ಲಿ ಮೂಲ ಹಿಡಿದು ವಾದ ಮಾಡುವವರು ಸಂಜೆ ಕೆಲಸದಿಂದ ಮನೆಗೆ ಬಂದು ಕೂರುವ ಶಿಕ್ಷಕರು, ಇಂಜಿನಿಯರುಗಳು, ವಿದ್ಯಾರ್ಥಿಗಳು. ಅವರ ಹಿಂದೆ ವಕೀಲರಿಲ್ಲ, ಪತ್ರಿಕಾ ಕಚೇರಿಯಿಲ್ಲ. ಬೆಲಾರಸ್‌ನಲ್ಲಿ 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧದ ಬಗ್ಗೆ ರಷ್ಯನ್ ವಿಕಿಪೀಡಿಯದಲ್ಲಿ ಬರೆಯುತ್ತಿದ್ದ ಒಬ್ಬ ಸಂಪಾದಕನನ್ನು ಬಂಧಿಸಿದರು. ಟರ್ಕಿಯಲ್ಲಿ 2017ರ ಏಪ್ರಿಲ್‌ನಿಂದ 2020ರ ಜನವರಿವರೆಗೆ ವಿಕಿಪೀಡಿಯ ಪೂರ್ತಿ ಬಂದ್ ಆಗಿತ್ತು. ಹೆಸರು ಬಯಲಾಗುವ ಭಯ ಬಂದರೆ ಮೊದಲು ಸುಮ್ಮನಾಗುವವರು ಹಟದವರಲ್ಲ. ಸಮಾಧಾನದಿಂದ ಮೂಲ ಹುಡುಕುವವರು ಮೊದಲು ಸುಮ್ಮನಾಗುತ್ತಾರೆ.

ಕನ್ನಡಕ್ಕೆ ಇದರಿಂದ ಏನು? ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಸಾಮಾನ್ಯ ಚರ್ಚೆಯ ಜಾಗಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರು. ಲೇಖನಗಳ ಸಂಖ್ಯೆ 30 ಸಾವಿರ ದಾಟಿದೆ, ನಿತ್ಯ ಕೆಲಸ ಮಾಡುವವರು ಮಾತ್ರ ಬಹಳ ಕಡಿಮೆ. ನಮ್ಮಲ್ಲಿ ರಾಜಕೀಯ ಪುಟಗಳ ಸಮಸ್ಯೆ ಜಗಳವಲ್ಲ. ಚುನಾವಣೆ ಮುಗಿದರೂ ತಿದ್ದದೆ ಬಿದ್ದಿರುವ ಪುಟಗಳು ನಮ್ಮ ಸಮಸ್ಯೆ. ಮತ್ತು ಕಾಯುವವರಿಲ್ಲದ ಸಣ್ಣ ವಿಕಿಯನ್ನು ಒಂದು ಗುಂಪು ಹಿಡಿದುಕೊಳ್ಳುವುದು ಸುಲಭ. ಕ್ರೊವೇಷಿಯನ್ ಭಾಷೆಯ ವಿಕಿಯಲ್ಲಿ ಹಾಗೇ ಆಯಿತು. ಕೆಲವೇ ನಿರ್ವಾಹಕರು (ಪುಟಕ್ಕೆ ಬೀಗ, ಖಾತೆಗೆ ತಡೆ ಹಾಕುವ ಅಧಿಕಾರವಿರುವ ಸಂಪಾದಕರು) ಸುಮಾರು ಹತ್ತು ವರ್ಷ ಇತಿಹಾಸದ ಪುಟಗಳನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿದ್ದರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ಅದನ್ನು ಓದಬೇಡಿ ಎಂದು ಮಕ್ಕಳಿಗೆ ಹೇಳಬೇಕಾಯಿತು. ಎಲ್ಲವೂ ಒಂದು ವರದಿಯಾಗಿ ಹೊರಬಂದದ್ದು 2021ರಲ್ಲಿ.

ಇಂಗ್ಲಿಷ್ ವಿಕಿಪೀಡಿಯದ ಕರ್ನಾಟಕ ರಾಜಕೀಯದ ಪುಟಗಳಲ್ಲಿ ಇನ್ನೊಂದು ಕೊರತೆ ಇದೆ. ಅಡಿಟಿಪ್ಪಣಿಗಳನ್ನು ನೋಡಿದರೆ ಬಹುಪಾಲು ಇಂಗ್ಲಿಷ್ ಪತ್ರಿಕೆಗಳೇ. ತಾಲೂಕು ಮಟ್ಟದ ರಾಜಕೀಯ, ರೈತ ಚಳವಳಿ, ಗೋಕಾಕ್ ಚಳವಳಿಯ ದಿನಗಳ ಸುದ್ದಿಯೆಲ್ಲ ವಿವರವಾಗಿ ಬಂದದ್ದು ಪ್ರಜಾವಾಣಿ, ಉದಯವಾಣಿ, ಸಂಯುಕ್ತ ಕರ್ನಾಟಕದಂಥ ಪತ್ರಿಕೆಗಳಲ್ಲಿ. ಹಳೆಯ ಸಂಚಿಕೆಗಳು ನೆಟ್‌ನಲ್ಲಿ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಜಾಲತಾಣಗಳು ಯುನಿಕೋಡ್‌ಗೆ ಬರುವ ಮುಂಚಿನ ಬರಹವಂತೂ ಹುಡುಕಾಟಕ್ಕೆ ಸಿಕ್ಕುವುದೇ ಇಲ್ಲ. ಹಾಗಾಗಿ ಯಾವ ಪತ್ರಿಕೆ ಹಸಿರು, ಯಾವುದು ಕೆಂಪು ಎಂಬ ದೊಡ್ಡ ವಾದದಲ್ಲಿ ಕನ್ನಡ ಪತ್ರಿಕೆಗಳ ಹೆಸರು ಬರುವುದೇ ಅಪರೂಪ.

ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಇಂಗ್ಲಿಷ್ ಪುಟಕ್ಕೂ ಕನ್ನಡ ಪತ್ರಿಕೆಯನ್ನು ಮೂಲವಾಗಿ ಕೊಡಬಹುದು. ಯಾರಾದರೂ ಪ್ರಶ್ನಿಸಿದರೆ ಆ ಭಾಗದ ಕನ್ನಡ ಸಾಲು ಮತ್ತು ಅದರ ಅನುವಾದವನ್ನು ಕೊಟ್ಟರೆ ಸಾಕು. ಪತ್ರಿಕೆ ನೆಟ್‌ನಲ್ಲೇ ಇರಬೇಕೆಂದೂ ಇಲ್ಲ, ಗ್ರಂಥಾಲಯದಲ್ಲಿ ನೋಡಿದ ಸಂಚಿಕೆಯ ದಿನಾಂಕ, ಪುಟಸಂಖ್ಯೆ ನಡೆಯುತ್ತದೆ. ಪುಟಕ್ಕೆ ಬೀಗವಿದ್ದು ಖಾತೆ ಹೊಸದಾಗಿದ್ದರೂ ಚರ್ಚಾ ಪುಟದಲ್ಲಿ ‘ಈ ಸಾಲು ಹೀಗಿರಬೇಕು, ಮೂಲ ಇದು’ ಎಂದು ತಿದ್ದುಪಡಿ ಕೋರಿಕೆ ಹಾಕಬಹುದು. ಬೀಗ ದಾಟುವ ಅಧಿಕಾರವಿರುವ ಯಾರಾದರೂ ಅದನ್ನು ನೋಡಿ ಒಂದೋ ಸೇರಿಸುತ್ತಾರೆ, ಇಲ್ಲವೇ ಯಾಕೆ ಆಗುವುದಿಲ್ಲ ಎಂದು ಅಲ್ಲೇ ಬರೆಯುತ್ತಾರೆ.