ಫ್ಯೂರಾ-2 ಲೆಕ್ಕದಲ್ಲಿ ಬೀಟಾ ಯಾಕೆ ಬೇಕು?

ನಿನ್ನೆ ರಾತ್ರಿಯಷ್ಟೇ ಇದು ತಲೆಗೆ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಹಿಸ್ಟಮಿನ್ ಹಾಕಿದರೆ ಒಳಗೆ ಐಪಿ3 ಎಂಬ ಸಂದೇಶದ ಅಣು ಹುಟ್ಟಿ, ಇಆರ್‌ನಲ್ಲಿ (ಕೋಶದೊಳಗಿನ ಪೊರೆಯ ಚೀಲದಲ್ಲಿ) ಕೂಡಿಟ್ಟ ಕ್ಯಾಲ್ಸಿಯಂ ಕೋಶದ್ರವಕ್ಕೆ ಬರುತ್ತದೆ. ಸುಮ್ಮನಿರುವ ಕೋಶದ ದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್. ಈ ಏರಿಳಿತ ಅಳೆಯಲು ರೋಜರ್ ಚಿಯೆನ್ ಮತ್ತು ಜೊತೆಗಾರರು 1985ರಲ್ಲಿ ಪ್ರಕಟಿಸಿದ ಬಣ್ಣವೇ ಫ್ಯೂರಾ-2. ಕ್ಯಾಲ್ಸಿಯಂ ಅಂಟಿದರೆ 340 ನ್ಯಾನೊಮೀಟರ್ ಬೆಳಕಿಗೆ ಜಾಸ್ತಿ ಹೊಳೆಯುತ್ತದೆ, 380ಕ್ಕೆ ಕಡಿಮೆ. ಎರಡರ ಅನುಪಾತ ತೆಗೆದುಕೊಂಡರೆ ಕೋಶದ ದಪ್ಪ, ಬಣ್ಣದ ಪ್ರಮಾಣ ಎರಡೂ ವಜಾ ಆಗುತ್ತವೆ. ಇಷ್ಟು ಸುಲಭ.

ಆಮೇಲೆ ಈ ಸೂತ್ರ (ಆರ್ ಅಂದರೆ ಆ ಅನುಪಾತ; ಆರ್‌ಮಿನ್ ಕ್ಯಾಲ್ಸಿಯಂ ಇಲ್ಲದಾಗಿನ ಅನುಪಾತ, ಆರ್‌ಮ್ಯಾಕ್ಸ್ ಎಲ್ಲ ಬಣ್ಣಕ್ಕೂ ಕ್ಯಾಲ್ಸಿಯಂ ಅಂಟಿದಾಗಿನದು; ಕೆಡಿ ಅಂದರೆ ಅರ್ಧ ಬಣ್ಣಕ್ಕೆ ಕ್ಯಾಲ್ಸಿಯಂ ಅಂಟಿರುವಾಗಿನ ಕ್ಯಾಲ್ಸಿಯಂ ಸಾಂದ್ರತೆ):

ಕ್ಯಾಲ್ಸಿಯಂ = ಕೆಡಿ × ಬೀಟಾ × (ಆರ್ − ಆರ್‌ಮಿನ್) ÷ (ಆರ್‌ಮ್ಯಾಕ್ಸ್ − ಆರ್)

ನಾನು ಸಿಕ್ಕಿಬಿದ್ದದ್ದು ಬೀಟಾದಲ್ಲಿ. ಅನುಪಾತ ಕನಿಷ್ಠ-ಗರಿಷ್ಠಗಳ ನಟ್ಟನಡುವೆ ಇದ್ದರೆ ಅರ್ಧ ಬಣ್ಣಕ್ಕೆ ಕ್ಯಾಲ್ಸಿಯಂ ಅಂಟಿದೆ ಅಂತ ತಾನೇ ಅರ್ಥ? ಮತ್ತೆ ಬೀಟಾ ಯಾಕೆ?

ಕೈಯಲ್ಲಿ ಲೆಕ್ಕ ಮಾಡಿದ ಮೇಲೆ ಗೊತ್ತಾಯಿತು, ಹಾಗಲ್ಲ. ಸುಲಭಕ್ಕೆ ನಾನೇ ಅಂಕಿ ಇಟ್ಟುಕೊಂಡೆ. ಖಾಲಿ ಬಣ್ಣದ ಒಂದು ಕಣ 340ರಲ್ಲಿ 5, 380ರಲ್ಲಿ 10 ಹೊಳೆಯಲಿ. ಅಂಟಿದ ಕಣ 340ರಲ್ಲಿ 10.5, 380ರಲ್ಲಿ 1. ಆಗ ಆರ್‌ಮಿನ್ 0.5, ಆರ್‌ಮ್ಯಾಕ್ಸ್ 10.5, ನಡು 5.5.

ಈಗ ಒಂದು ಖಾಲಿ, ಒಂದು ಅಂಟಿದ ಕಣ ಸೇರಿಸಿ. 340ರಲ್ಲಿ 15.5, 380ರಲ್ಲಿ 11. ಅನುಪಾತ ಬರೀ 1.41! ನಡುವಿನ 5.5 ಬೇಕಾದರೆ ಒಂದು ಖಾಲಿ ಕಣಕ್ಕೆ ಹತ್ತು ಅಂಟಿದ ಕಣ ಬೇಕು: 110 ÷ 20. ಯಾಕೆಂದರೆ ಕೆಳಗಿನ ಸಂಖ್ಯೆ 380ರದ್ದು, ಅಲ್ಲಿ ಖಾಲಿ ಕಣದ ಹೊಳಪು ಹತ್ತು ಪಟ್ಟು. ಒಂದೇ ಒಂದು ಖಾಲಿ ಕಣ ಇದ್ದರೂ ಅನುಪಾತವನ್ನು ಕೆಳಗೆ ಎಳೆಯುತ್ತದೆ. ಆ ಹತ್ತೇ ಬೀಟಾ: 380ರಲ್ಲಿ ಖಾಲಿ ಬಣ್ಣದ ಹೊಳಪು ಭಾಗಿಸು ಅಂಟಿದ ಬಣ್ಣದ ಹೊಳಪು. ಇದನ್ನು ಬಿಟ್ಟರೆ ಉತ್ತರ ಹತ್ತು ಪಟ್ಟು ಕಡಿಮೆ ಬರುತ್ತದೆ. ಗ್ರಾಫಿನ ಆಕಾರ ಮಾತ್ರ ಹಾಗೇ ಇರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಬೀಟಾಕ್ಕೆ ಬೇರೆ ಪ್ರಯೋಗ ಬೇಡ. ಆರ್‌ಮಿನ್‌ಗೆ ಕ್ಯಾಲ್ಸಿಯಂ ತೆಗೆದು ಇಜಿಟಿಎ (ಉಳಿದ ಕ್ಯಾಲ್ಸಿಯಂ ಹಿಡಿದುಕೊಳ್ಳುವ ರಾಸಾಯನಿಕ), ಆರ್‌ಮ್ಯಾಕ್ಸ್‌ಗೆ ಜಾಸ್ತಿ ಕ್ಯಾಲ್ಸಿಯಂ, ಎರಡಕ್ಕೂ ಪೊರೆಯ ಮೂಲಕ ಕ್ಯಾಲ್ಸಿಯಂ ದಾಟಿಸುವ ಐಯೊನೊಮೈಸಿನ್ ಹಾಕುತ್ತೇವಲ್ಲ, ಆಗ ಸಿಗುವ 380ರ ಎರಡು ಅಂಕಿಗಳೇ ಸಾಕು. ಆದರೆ ಅದೇ ಕೋಶ, ಅದೇ ಎಕ್ಸ್‌ಪೋಶರ್ ಇರಬೇಕು. ಇಲ್ಲಿ ಅನುಪಾತದ ರಕ್ಷಣೆ ಇಲ್ಲ. ನಡುವೆ ಬಣ್ಣ ಸೋರಿದರೆ ಬೀಟಾ ನೇರವಾಗಿ ಕೆಡುತ್ತದೆ.

ಹಿನ್ನೆಲೆ ಬೆಳಕನ್ನು ಭಾಗಾಕಾರಕ್ಕೆ ಮುಂಚೆಯೇ, 340ಕ್ಕೂ 380ಕ್ಕೂ ಬೇರೆ ಬೇರೆಯಾಗಿ ಕಳೆಯಿರಿ. ಕೂಡಿಕೊಂಡದ್ದು ಭಾಗಿಸಿದರೆ ಹೋಗುವುದಿಲ್ಲ.