ಬೆಕ್ಕಿನ ಕಚ್ಚುಗಾಯ: ಮೇಲೆ ಮುಚ್ಚಿದ ತೂತು, ಒಳಗೆ ಕೀವು

ಪಶುವೈದ್ಯಕೀಯ ಪರೀಕ್ಷೆಯಲ್ಲಿ ಕೀವುಗಾಯದ ಬಗ್ಗೆ ಪ್ರಶ್ನೆ ಬಂದರೆ ನಮ್ಮಲ್ಲಿ ಹೆಚ್ಚಿನವರು ಹಸುವಿನ ಕೆಚ್ಚಲು ಬಾವು, ಎತ್ತಿನ ಹೆಗಲ ಹುಣ್ಣು ಬರೆದು ಮುಂದಕ್ಕೆ ಹೋಗುತ್ತೇವೆ. ಬೆಕ್ಕಿನದನ್ನು ಬೇರೆಯಾಗಿಯೇ ಓದಬೇಕು. ಬೆಕ್ಕುಗಳಲ್ಲಿ ಕೀವು ತುಂಬಿದ ಬಾವಿಗೆ ಸಾಮಾನ್ಯ ಕಾರಣ ಇನ್ನೊಂದು ಬೆಕ್ಕಿನ ಹಲ್ಲು. ಆ ಹಲ್ಲು ಚರ್ಮದಡಿ ಏನು ಮಾಡುತ್ತದೆ ಎಂಬುದು ತಿಳಿದರೆ ಆರೈಕೆಯ ಒಂದೊಂದು ಹೆಜ್ಜೆಗೂ ಕಾರಣ ತಾನಾಗಿ ಸಿಗುತ್ತದೆ. ಬಾಯಿಪಾಠ ಮಾಡಬೇಕಾದದ್ದು ಔಷಧದ ಪ್ರಮಾಣ ಮಾತ್ರ.

ಒಳಗೆ ನಡೆಯುವುದು

ನಾಯಿ ಕಚ್ಚಿದರೆ ಚರ್ಮ ಹರಿಯುತ್ತದೆ, ಮಾಂಸ ಜಜ್ಜಿಹೋಗುತ್ತದೆ, ರಕ್ತ ಸುರಿಯುತ್ತದೆ. ಬೆಕ್ಕಿನ ಕೋರೆಹಲ್ಲು ಸಣ್ಣದು, ಚೂಪು. ಕಚ್ಚಿದ ಕಡೆ ಒಂದು ತೂತು, ಅಷ್ಟೇ. ಅದರ ಬಾಯಿ ಬೇಗ ಮುಚ್ಚಿಕೊಂಡು ಹಕ್ಕಳೆ ಕಟ್ಟುತ್ತದೆ. ಕೂದಲ ಮರೆಯಲ್ಲಿ ಅದೂ ಕಾಣದು. ಹಲ್ಲಿನೊಂದಿಗೆ ಒಳಹೊಕ್ಕ ಬ್ಯಾಕ್ಟೀರಿಯಾಗಳು ಮಾತ್ರ ಅಲ್ಲೇ ಉಳಿಯುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಪಾಶ್ಚುರೆಲ್ಲಾ ಮಲ್ಟೊಸಿಡಾ. ದನಗಳ ಗಳಲೆ ರೋಗದ ಪಾಠದಲ್ಲಿ ಓದಿದ ಹೆಸರೇ ಇದು, ಬಗೆ ಬೇರೆ. ಆರೋಗ್ಯವಾಗಿರುವ ಬೆಕ್ಕಿನ ಬಾಯಲ್ಲೂ ಇರುತ್ತದೆ. ಜೊತೆಗೆ ಫ್ಯೂಸೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್‌ನಂಥ, ಆಮ್ಲಜನಕ ಬೇಡದ ಜಾತಿಗಳು. ತೂತು ಮುಚ್ಚಿದಷ್ಟೂ ಇವಕ್ಕೆ ಅನುಕೂಲ. ಬಾವು ಒಡೆದಾಗ ಮೂಗು ಮುಚ್ಚಿಸುವ ನಾತ ಬಹುಮಟ್ಟಿಗೆ ಇವುಗಳದ್ದೇ.

ಸಾಮಾನ್ಯವಾಗಿ ಕಚ್ಚಿದ 2ರಿಂದ 5 ದಿನದಲ್ಲಿ ಊತ ಕಣ್ಣಿಗೆ ಬೀಳುತ್ತದೆ. ಮೊದಲು ಗಟ್ಟಿ, ಬಿಸಿ, ಮುಟ್ಟಿದರೆ ನೋವು. ಅಂಚು ಎಲ್ಲಿ ಎಂದು ಹೇಳಲಾಗದು. ಇದು ಸೆಲ್ಯುಲೈಟಿಸ್, ಅಂದರೆ ಕೀವು ಕಟ್ಟುವ ಮೊದಲು ಚರ್ಮದಡಿ ಸೋಂಕು ಹರಡುವ ಹಂತ. ಆಮೇಲೆ ನಡುಭಾಗ ಮೆತ್ತಗಾಗಿ, ಒತ್ತಿದರೆ ನೀರು ತುಂಬಿದ ಬಲೂನಿನಂತೆ ಬೆರಳಡಿ ಅಲುಗುತ್ತದೆ. ಆಗ ಅದು ಆಬ್ಸೆಸ್, ಅಂದರೆ ಕೀವಿನ ಗೂಡು. ಕೆನ್ನೆ, ಬೆನ್ನು, ಬಾಲದ ಬುಡದಲ್ಲಿ ಚರ್ಮ ಸಡಿಲ, ಕೀವು ನಿಲ್ಲಲು ಜಾಗವಿದೆ. ಕಾಲಿನ ಕೆಳಭಾಗದಲ್ಲಿ ಚರ್ಮ ಬಿಗಿ. ಅಲ್ಲಿ ಕೀವಿನ ಗಡ್ಡೆಗಿಂತ ಇಡೀ ಕಾಲು ಊದಿಕೊಂಡು ಕುಂಟುವುದೇ ಹೆಚ್ಚು. ಮುಖ, ಮುಂಗಾಲಿನಲ್ಲಿ ಗಾಯವಿದ್ದರೆ ಎದುರು ನಿಂತು ಕಾದಿದ ಬೆಕ್ಕು, ಬಾಲದ ಬುಡದಲ್ಲಿದ್ದರೆ ಓಡುತ್ತಿದ್ದ ಬೆಕ್ಕು ಎಂಬ ಮಾತಿದೆ. ತಮಾಷೆಯ ಮಾತಾದರೂ ಕೂದಲೊಳಗೆ ಎಲ್ಲಿ ಹುಡುಕಬೇಕೆಂಬುದನ್ನು ಅದು ಹೇಳಿಕೊಡುತ್ತದೆ.

ಮಾಲೀಕರು ಹೇಳುವುದು ಮಾತ್ರ ಗಾಯದ ವಿಷಯವಲ್ಲ. ‘ಎರಡು ದಿನದಿಂದ ಮಂಚದ ಕೆಳಗೇ ಕೂತಿದೆ, ಮೀನು ಹಾಕಿದರೂ ಮೂಸುತ್ತಿಲ್ಲ.’ ಜ್ವರ ನೋಡಿ. ಸಹಜ ಉಷ್ಣತೆ 38.1ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 100.5ರಿಂದ 102.5 ಫ್ಯಾರನ್‌ಹೀಟ್. ಏರಿದ್ದರೆ ಸೋಂಕು ಎಂದು ಯಾರಿಗೂ ಹೊಳೆಯುತ್ತದೆ. ತುಂಬ ನಿತ್ರಾಣವಾಗಿರುವ ಬೆಕ್ಕಿನಲ್ಲಿ ಉಷ್ಣತೆ ಇಳಿದಿದ್ದರೆ ಇನ್ನೂ ಭಯಪಡಬೇಕು. ನಂಜು ರಕ್ತಕ್ಕೆ ಏರಿದಾಗ ಬೆಕ್ಕಿನ ಮೈ ತಣ್ಣಗಾಗುವುದೂ ಎದೆಬಡಿತ ನಿಧಾನವಾಗುವುದೂ ಉಂಟು. ಈ ವಿಷಯದಲ್ಲಿ ಅದು ನಾಯಿಯಂತಲ್ಲ.

ದಾರಿ ಬಿಡಿಸುವುದು

ಕೀವಿನ ಗೂಡಿನೊಳಕ್ಕೆ ರಕ್ತದ ಓಡಾಟವಿಲ್ಲ, ಹಾಗಾಗಿ ಇಂಜೆಕ್ಷನ್ ಕೊಟ್ಟರೂ ಔಷಧ ಅಲ್ಲಿಗೆ ಸರಿಯಾಗಿ ತಲುಪದು. ಬಾವು ಮಾಗಿದ ಮೇಲೆ ಬರೀ ಆಂಟಿಬಯಾಟಿಕ್ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಕಾರಣ ಇದೇ. ಕಚ್ಚಿದ 24 ಗಂಟೆಯೊಳಗೆ ತಂದರೆ ಮಾತು ಬೇರೆ. ಆಗ ಆಂಟಿಬಯಾಟಿಕ್ ಒಂದೇ ಬಾವು ಕಟ್ಟದಂತೆ ತಡೆಯಬಹುದು.

ವೈದ್ಯರು ಮಾಡುವ ಕ್ರಮ: ಮತ್ತು ಬರಿಸಿ, ಸುತ್ತಲಿನ ಕೂದಲು ಅಗಲಕ್ಕೆ ಕತ್ತರಿಸಿ, ಬಾವಿನ ಅತ್ಯಂತ ಕೆಳಗಿನ ಜಾಗದಲ್ಲಿ ಸೀಳುತ್ತಾರೆ. ಮೆತ್ತಗಿರುವ ಕಡೆ ಸೀಳಿದರೆ ಸುಲಭ, ನಿಜ. ಆದರೆ ಬೆಕ್ಕು ನಿಂತಾಗ, ಕೂತಾಗ ಕೀವು ತಾನಾಗಿ ಇಳಿಯಬೇಕು. ಸತ್ತ ಅಂಗಾಂಶ ತೆಗೆದು, ಗೂಡನ್ನು ಸಲೈನಿನಿಂದ ತಿಳಿಯಾಗುವವರೆಗೆ ತೊಳೆಯುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ದೊಡ್ಡದಿದ್ದರೆ ಕೀವು ಹೊರಹರಿಯಲು ಮೆದು ರಬ್ಬರಿನ ಕೊಳವೆ (ಡ್ರೈನ್) ಇಟ್ಟು 3ರಿಂದ 5 ದಿನಕ್ಕೆ ತೆಗೆಯುತ್ತಾರೆ.

ತೊಳೆಯಲು ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಬಳಸುವುದಾದರೆ 0.05 ಶೇಕಡಾ ಸಾಕು: 2 ಶೇಕಡಾ ದ್ರಾವಣದ 1 ಭಾಗಕ್ಕೆ 39 ಭಾಗ ನೀರು. ನೊರೆ ಬರುವ ಸ್ಕ್ರಬ್ ಗಾಯದೊಳಕ್ಕೆ ಬೇಡ. ಪೊವಿಡೋನ್ ಅಯೋಡಿನ್ ಆದರೆ ಹಾಲಿಲ್ಲದ ತೆಳು ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ. ನೊರೆಯುಕ್ಕಿಸುವ ಹೈಡ್ರೋಜನ್ ಪೆರಾಕ್ಸೈಡ್ ನೋಡಲು ಚೆನ್ನ, ಆದರೆ ಹೊಸದಾಗಿ ಬೆಳೆಯುವ ಅಂಗಾಂಶವನ್ನೂ ಸುಡುತ್ತದೆ.

ಔಷಧದ ಲೆಕ್ಕ, ವಿಷದ ಲೆಕ್ಕ

ಮೊದಲ ಆಯ್ಕೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್: ಕೆಜಿಗೆ 12.5 ಮಿಲಿಗ್ರಾಂ, ದಿನಕ್ಕೆ ಎರಡು ಸಲ. 4 ಕೆಜಿ ಬೆಕ್ಕಿಗೆ 50 ಮಿಲಿಗ್ರಾಂ. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಕೊಡುವ 625 ಮಿಲಿಗ್ರಾಂ ಮಾತ್ರೆಯಿಂದ ಇದನ್ನು ತೆಗೆಯಲು ಹನ್ನೆರಡು ಚೂರು ಮಾಡಬೇಕು, ಆಗದ ಕೆಲಸ. ಮೇಲಾಗಿ ಕ್ಲಾವುಲನೇಟ್ ತೇವಕ್ಕೆ ಬೇಗ ಕೆಡುತ್ತದೆ. ಕ್ಲಿಂಡಾಮೈಸಿನ್ ಆಮ್ಲಜನಕ ಬೇಡದವುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಪಾಶ್ಚುರೆಲ್ಲಾ ಮೇಲಲ್ಲ. ದನಗಳಿಗೆಂದು ಕೈಗೆ ಸಿಗುವ ಎನ್ರೋಫ್ಲಾಕ್ಸಾಸಿನ್ ಬೆಕ್ಕಿಗೆ ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ದಾಟಬಾರದು. ದಾಟಿದರೆ ಅಕ್ಷಿಪಟಲ ಹಾಳಾಗಿ ಕಣ್ಣು ಹೋಗಬಹುದು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಮನೆಮದ್ದಿನ ವಿಷಯಕ್ಕೆ ಬರಲೇಬೇಕು. ಕೀವಿಗಿಂತ ಬೇಗ ಬೆಕ್ಕನ್ನು ಕೊಲ್ಲಬಲ್ಲದ್ದು ಜ್ವರಕ್ಕೆಂದು ಹಾಕುವ ಪ್ಯಾರಾಸಿಟಮಾಲ್. ಅದನ್ನು ನಿರುಪದ್ರವಿಯಾಗಿಸಿ ಹೊರಹಾಕಲು ಯಕೃತ್ತಿನಲ್ಲಿ ಗ್ಲುಕುರಾನಿಕ್ ಆಮ್ಲ ಜೋಡಿಸುವ ಕಿಣ್ವ ಬೇಕು. ಬೆಕ್ಕಿನಲ್ಲಿ ಅದು ತೀರಾ ಕಡಿಮೆ. ಉಳಿದ ವಿಷ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ವಸಡು ಕಂದಾಗುತ್ತದೆ, ಮುಖ ಮತ್ತು ಪಾದ ಊದುತ್ತವೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಸಾವಿಗೆ ಸಾಕು. ತಿಂದದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಫಿನೈಲು, ಡೆಟಾಲ್‌ನಂಥ ದ್ರವಗಳೂ ಬೇಡ. ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ನಾಲಿಗೆಗೆ ಹೋಗುತ್ತದೆ ಎಂದೇ ಲೆಕ್ಕ ಹಾಕಬೇಕು.

ಮಳೆಗಾಲದಲ್ಲಿ ಗಾಯಕ್ಕೆ ಹುಳು ಬಿದ್ದರೂ ಇದೇ ಎಚ್ಚರ. ದನದ ಗಾಯಕ್ಕೆ ಉದುರಿಸುವ ಪುಡಿಗಳಲ್ಲಿ ಕೂಮಾಫಾಸ್, ಪ್ರೊಪಾಕ್ಸರ್ ಎಂಬ ಕೀಟನಾಶಕಗಳು ಇರುವುದುಂಟು. ನೆಕ್ಕಿದರೆ ಜೊಲ್ಲು ಸುರಿದು, ನಡುಗಿ ಬೀಳುತ್ತದೆ. ಬೆಕ್ಕಿನಲ್ಲಿ ಕೂದಲು ಕತ್ತರಿಸಿ, ಸಲೈನ್ ಹರಿಸಿ, ಚಿಮಟದಿಂದ ಒಂದೊಂದೇ ಹುಳು ಹೆಕ್ಕುವುದೇ ಸರಿ. ತಾಳ್ಮೆ ಬೇಕು.

ಮನೆಗೆ ಕಳಿಸಿದ ಮೇಲೆ

ಸೀಳಿದ ಬಾಯಿ ಒಳಗಿನಿಂದ ತುಂಬುವ ಮೊದಲೇ ಮೇಲೆ ಮುಚ್ಚಿದರೆ ಮತ್ತೆ ಮೊದಲಿನ ಕತೆ. ಆದ್ದರಿಂದ ಮೊದಲ ಮೂರ್ನಾಲ್ಕು ದಿನ ದಿನಕ್ಕೆರಡು ಸಲ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟು ಹಕ್ಕಳೆ ಮೆತ್ತಗೆ ಮಾಡಿ ಒರೆಸಬೇಕು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಮಟ್ಟಸವಾದ ಒಂದು ಟೀ ಚಮಚ ಉಪ್ಪು. ಹಿಡಿಯುವಾಗ ಟವೆಲಿನಲ್ಲಿ ಮೈಸುತ್ತಿ ಗಾಯದ ಭಾಗ ಮಾತ್ರ ಹೊರಗಿಡಿ. ನೆಕ್ಕಿದರೆ ಗುಣವಾಗುತ್ತದೆ ಎಂದು ಮನೆಯ ಹಿರಿಯರು ಹೇಳಬಹುದು. ಅರದಂತೆ ಒರಟಾದ ಆ ನಾಲಿಗೆ ಬಾಯಿಯ ಬ್ಯಾಕ್ಟೀರಿಯಾವನ್ನೇ ಮತ್ತೆ ಒಳಗೆ ತುಂಬುತ್ತದೆ. ನೆಕ್ಕದಂತೆ ತಡೆಯುವ ಅಗಲ ಕಾಲರನ್ನು ಕೊರಳಿಗೆ ಹಾಕಿ.

ತಿನ್ನುವುದನ್ನು ಗಾಯಕ್ಕಿಂತ ಹೆಚ್ಚು ಗಮನಿಸಬೇಕು. ಕೆಲವೇ ದಿನ ಉಪವಾಸವಿದ್ದರೂ, ಅದರಲ್ಲೂ ದಪ್ಪಗಿರುವ ಬೆಕ್ಕಿನಲ್ಲಿ, ಯಕೃತ್ತಿಗೆ ಕೊಬ್ಬು ತುಂಬಿ ಕಾಮಾಲೆ ಬರಬಹುದು. ಮೀನು ಬೇಯಿಸಿದ ನೀರು, ಬೆಚ್ಚಗೆ ಮಾಡಿದ ಕೋಳಿ ಮಾಂಸ, ವಾಸನೆ ಬರುವ ಯಾವುದಾದರೂ ಸರಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ತುಂಡು ಮಾತ್ರ ಬೇಡ.

ಸಾಮಾನ್ಯ ಗಾಯ ಕೀವು ಹೊರಬಿದ್ದ ವಾರದೊಳಗೆ ಚೇತರಿಕೆಯ ದಾರಿ ಹಿಡಿಯುತ್ತದೆ. ಹಿಡಿಯದಿದ್ದರೆ ಒಳಗೆ ಮುರಿದ ಹಲ್ಲೋ ಉಗುರೋ ಉಳಿದಿದೆಯೇ, ಮೂಳೆಗೆ ಸೋಂಕು ಹೋಗಿದೆಯೇ ಎಂದು ಎಕ್ಸ್‌ರೇ ನೋಡುತ್ತಾರೆ. ಮತ್ತೆ ಮತ್ತೆ ಬಾವು ಬರುವ ಬೆಕ್ಕಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಎರಡು ಬೆಕ್ಕಿನ ವೈರಸ್‌ಗಳಾದ ಎಫ್‌ಐವಿ, ಎಫ್‌ಇಎಲ್‌ವಿ ಪರೀಕ್ಷೆ ಬೇಕು. ಎಫ್‌ಐವಿ ಹರಡುವುದೇ ಮುಖ್ಯವಾಗಿ ಆಳವಾದ ಕಡಿತದಿಂದ; ಪ್ರತಿಕಾಯ ಮೂಡಲು ಸಮಯ ಹಿಡಿಯುವುದರಿಂದ ಕಚ್ಚಿದ ಕೂಡಲೇ ನೆಗೆಟಿವ್ ಬಂದರೂ ಸುಮಾರು 60 ದಿನದ ಮೇಲೆ ಮತ್ತೊಮ್ಮೆ ನೋಡಬೇಕು. ಬೀಜ ಒಡೆಸದ ಗಂಡು ಬೆಕ್ಕಾದರೆ ಗಾಯ ಮಾಯುತ್ತಲೇ ಶಸ್ತ್ರಚಿಕಿತ್ಸೆಯ ಮಾತೆತ್ತಿ. ಕಾದಾಟ ಬಹಳ ಕಡಿಮೆಯಾಗುತ್ತದೆ.

ನಮ್ಮ ಕೈಗೆ ಕಚ್ಚಿದರೆ

ಆ ಸಣ್ಣ ತೂತು ನಮ್ಮ ಕೈಯಲ್ಲೂ ಅದೇ ಕೆಲಸ ಮಾಡುತ್ತದೆ. ಬೆರಳಿನ ಕೀಲು, ಸ್ನಾಯುರಜ್ಜುವಿನ ಹತ್ತಿರ ಕಚ್ಚಿದರೆ 24 ಗಂಟೆಯೊಳಗೇ ಊದಬಹುದು. 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ರಕ್ತ ಬಂದ ಕಡಿತ ರೇಬಿಸ್ ಲೆಕ್ಕದಲ್ಲಿ ಮೂರನೇ ವರ್ಗ, ಅಂದರೆ ಅತಿ ಹೆಚ್ಚು ಅಪಾಯದ್ದು. ಲಸಿಕೆಯ ಜೊತೆ, ಹಿಂದೆ ಲಸಿಕೆ ಹಾಕಿಸಿಕೊಂಡಿರದವರಿಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ.