ಮಂಗನ ಕಾಯಿಲೆಯ ಸಂಶೋಧನೆಯನ್ನು ಮಲೆನಾಡಿನಿಂದ ಹುಡುಕಿದಾಗ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು, ಕಾಡಂಚಿನ ಊರುಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲ್ಲಿಗೆ ಬಂದು, ಅದುವರೆಗೆ ಯಾರೂ ಕಂಡಿರದ ವೈರಸ್ಸೊಂದನ್ನು ಬೇರ್ಪಡಿಸಿದರು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರ ಪ್ರಾಥಮಿಕ ವರದಿ ಅದೇ ವರ್ಷ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್'ನಲ್ಲಿ ಅಚ್ಚಾಯಿತು. ಕಾಡಿನ ಉಣುಗುಗಳಲ್ಲೂ ಅದೇ ವೈರಸ್ ಸಿಕ್ಕಿತೆಂಬ ಪ್ರಬಂಧ 1959ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಬಂತು. ಪರೀಕ್ಷೆಗೆ ರಕ್ತ ಕೊಟ್ಟವರು ಇಲ್ಲಿನವರು, ಮಂಗನ ಕಾಯಿಲೆಗೆ ಸಿಕ್ಕ 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂಬ ಹೆಸರೂ ಇಲ್ಲಿನದೇ. ಆದರೆ ಆ ಸಂಶೋಧನೆಯ ಕಡತಕ್ಕೆ ಸೂಚಿ ಬರೆಯುವ ಕೆಲಸ ನಡೆದದ್ದು ಅಮೆರಿಕದಲ್ಲಿ.

ಆ ಸೂಚಿಯ ಕಥೆ ಹಳೆಯದು. ಅಮೆರಿಕದ ಸೇನಾ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ 'ಇಂಡೆಕ್ಸ್ ಮೆಡಿಕಸ್' ಎಂಬ, ವೈದ್ಯಕೀಯ ಪ್ರಬಂಧಗಳ ಮಾಸಿಕ ಪಟ್ಟಿಯನ್ನು ಆರಂಭಿಸಿದರು. 1971ರಲ್ಲಿ ಅದರ ಆನ್‌ಲೈನ್ ರೂಪವಾಗಿ ಮೆಡ್‌ಲೈನ್ ಬಂತು. ಅದನ್ನು ಹುಡುಕಲು 1996ರಲ್ಲಿ ಆರಂಭವಾದ ಪಬ್‌ಮೆಡ್ ಎಂಬ ಜಾಲತಾಣ ಮರುವರ್ಷ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಹುಡುಕುವುದಕ್ಕೆ ಕಾಸು ಕೊಡಬೇಕಿಲ್ಲ ಎನ್ನುವುದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಯಾವ ನಿಯತಕಾಲಿಕೆ ಸೂಚಿಗೆ ಸೇರಬೇಕು, ಯಾವ ರೋಗವನ್ನು ಯಾವ ಹೆಸರಿನಡಿ ದಾಖಲಿಸಬೇಕು ಎಂಬ ತೀರ್ಮಾನಗಳು ಉಚಿತವಾದ ಮಾತ್ರಕ್ಕೆ ಬದಲಾಗಲಿಲ್ಲ. ಬಡ ದೇಶಗಳ ನಿಯತಕಾಲಿಕೆಗಳು ಇಂಥ ಪಟ್ಟಿಗಳ ಹೊರಗೇ ಉಳಿಯುವುದನ್ನು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆ 1995ರಲ್ಲೇ ದೀರ್ಘ ಲೇಖನವೊಂದರಲ್ಲಿ ವಿವರಿಸಿತ್ತು. ಆ ಕೊರತೆ ತುಂಬಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ಭಾರತದ ವೈದ್ಯಕೀಯ ನಿಯತಕಾಲಿಕೆಗಳಿಗಾಗಿ ಇಂಡ್‌ಮೆಡ್ ಎಂಬ ಸೂಚಿಯನ್ನು ಕಟ್ಟಿದವು.

ಮಲೆನಾಡಿನಿಂದ ಹುಡುಕುವವರಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಪಬ್‌ಮೆಡ್‌ನಲ್ಲಿ 'ಶಿವಮೊಗ್ಗ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಬಹುದು. ಇಂಗ್ಲಿಷಿನಲ್ಲಿ ಈ ರೂಪ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಪ್ರಬಂಧಗಳಲ್ಲಿ ಊರಿನ ಹೆಸರು 'ಶಿಮೊಗಾ'. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ, ಅದಕ್ಕಿಂತ ಹಳೆಯ ಪ್ರಬಂಧಗಳ ವಿಳಾಸ 'ಮೈಸೂರು ರಾಜ್ಯ'. ಹಾಗಾಗಿ ಈಗಿನ ಹೆಸರುಗಳಲ್ಲಿ ಹುಡುಕಿದವರಿಗೆ ರೋಗ ಕಂಡುಹಿಡಿದ ಕಾಲದ ಕೆಲಸವೇ ಕಣ್ಣಿಗೆ ಬೀಳದೆ ಹೋಗಬಹುದು. ಬಿದ್ದರೂ ಬಹುಪಾಲು ಶೀರ್ಷಿಕೆಯಷ್ಟೇ ಕಾಣುತ್ತದೆ, ಏಕೆಂದರೆ ಮೆಡ್‌ಲೈನ್ ಸಾರಾಂಶಗಳನ್ನು ಸೇರಿಸತೊಡಗಿದ್ದು 1975ರಿಂದ. ಸಾರಾಂಶವಿಲ್ಲದ ಪ್ರಬಂಧವನ್ನು ಓದುಗರು ದಾಟಿ ಹೋಗುತ್ತಾರೆ, ಪೂರ್ಣ ಪಠ್ಯ ಆನ್‌ಲೈನಿನಲ್ಲಿ ಸಿಗುವುದನ್ನಷ್ಟೇ ಓದಿ ಉಲ್ಲೇಖಿಸುತ್ತಾರೆ ಎಂದು ರೈನ್‌ಹೋಲ್ಡ್ ವೆಂಟ್ಸ್ 2002ರಲ್ಲಿ 'ಲ್ಯಾನ್ಸೆಟ್'ಗೆ ಬರೆದ ಪತ್ರದಲ್ಲಿ ಎಚ್ಚರಿಸಿದ್ದರು. ಪೂರ್ಣ ಪಠ್ಯದತ್ತಲೇ ವಾಲುವ ಆ ಒಲವಿಗೆ ಅವರು 'ಫ್ಯೂಟಾನ್' ('ಫುಲ್ ಟೆಕ್ಸ್ಟ್ ಆನ್ ದ ನೆಟ್' ಎಂಬುದರ ಚುಟುಕು ರೂಪ) ಎಂಬ ಹೆಸರನ್ನೂ ಕೊಟ್ಟರು.

ಈ ಒಲವು ಒಬ್ಬ ಆಶಾ ಕಾರ್ಯಕರ್ತೆಯ ದಿನದ ಕೆಲಸವನ್ನು ಹೇಗೆ ಮುಟ್ಟುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲ ಕಾಲಿಟ್ಟೊಡನೆ ಕಾಡಂಚಿನ ಮನೆಗಳಿಗೆ ಉಣುಗುಗಳನ್ನು ದೂರವಿಡುವ ಡೆಪಾ ಎಣ್ಣೆ ಹಂಚುತ್ತಾ, ತರಗೆಲೆ ತರಲು ಹೋಗುವವರು ಕೈಕಾಲಿಗೆ ಹಚ್ಚಿಕೊಂಡೇ ಹೋಗಬೇಕೆಂದು ಹೇಳುತ್ತಾ ನಡೆಯುವವರು ಅವರು. "ಸೂಜಿ ಚುಚ್ಚಿಸಿಕೊಂಡವರಿಗೂ ಬಂತಲ್ಲ ಅಕ್ಕಾ, ಹಾಗಾದರೆ ಆ ಲಸಿಕೆ ಕೆಲಸ ಮಾಡುತ್ತಿತ್ತೋ ಇಲ್ಲವೋ?" ಎಂಬ ಪ್ರಶ್ನೆಗೆ ಜಗಲಿಯಲ್ಲಿ ನಿಂತು ಉತ್ತರ ಕೊಡಬೇಕಾದವರೂ ಅವರೇ. ಮೊಬೈಲಿಗೆ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹೋಗಿ ಅವರು ಹುಡುಕಿದರೆಂದು ಇಟ್ಟುಕೊಳ್ಳೋಣ. 1994ರಲ್ಲಿ ಪ್ರಕಟವಾದ, ರಾಜ್ಯದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆಯ ಸಾರಾಂಶ ಸಿಕ್ಕಿದರೆ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ರಕ್ಷಣೆ ಶೇ 93.5 ಎಂದು ಅದು ಹೇಳುತ್ತದೆ. 2005ರಿಂದ 2010ರವರೆಗಿನ ಅನುಭವವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಪ್ರಬಂಧ ಸಿಕ್ಕಿದರೆ, ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9 ಎನ್ನುತ್ತದೆ. ಬೇರೆ ಕಾಲದಲ್ಲಿ, ಬೇರೆ ವಿಧಾನದಲ್ಲಿ ಮಾಡಿದ ಲೆಕ್ಕಗಳಿವು. ಒಂದನ್ನು ಸುಳ್ಳೆಂದು ತಳ್ಳಲಾಗದು. ಆದರೆ ಒಂದನ್ನೇ ಓದಿದವರು ಕೊಡುವ ಉತ್ತರಕ್ಕೂ ಎರಡನ್ನೂ ಓದಿದವರು ಕೊಡುವ ಉತ್ತರಕ್ಕೂ ಬಹಳ ಅಂತರವಿದೆ. ಆ ಲಸಿಕೆಯ ಬಳಕೆ ಈಗ ನಿಂತು, ಹೊಸದನ್ನು ರೂಪಿಸುವ ಕೆಲಸ ನಡೆದಿರುವಾಗ, ಹಳೆಯದು ಏಕೆ ಸಾಲದಾಯಿತು ಎಂದು ತಿಳಿಯುವ ಹಕ್ಕು ಆ ಜಗಲಿಯಲ್ಲಿ ಕೂತವರಿಗಿದೆ ಎಂದೇ ನಾನು ನಂಬಿದ್ದೇನೆ.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯದು ಇನ್ನೂ ಜಟಿಲವಾದ ಕಥೆ. ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸಿ ನಡೆಯಲಾರದಂತೆ ಮಾಡುವ ಈ ರೋಗ 1970ರ ದಶಕದಲ್ಲಿ ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಸಂಶಯ ಹಬ್ಬಿತ್ತು. 1977ರ ಪ್ರಬಂಧವೊಂದು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆಯಿತು. ವಂಶವಾಹಿಯ ದೋಷದತ್ತ ಬೊಟ್ಟು ಮಾಡಿದ 1990ರ ದಶಕದ ಅಧ್ಯಯನಗಳು ಇದನ್ನು ಮೂಳೆ ಬೆಳವಣಿಗೆಯ ದೋಷಗಳ ಗುಂಪಿಗೆ ಸೇರಿಸಿ, ಉಚ್ಚರಿಸಲೂ ಕಷ್ಟವಾದ ಉದ್ದನೆಯ ಹೆಸರು ಕೊಟ್ಟವು. ಒಂದೇ ರೋಗಕ್ಕೆ ಮೂರು ಹೆಸರು. ಒಂದರಲ್ಲಿ ಹುಡುಕಿದವರಿಗೆ ಮತ್ತೊಂದು ಸಿಗುತ್ತದೆಂಬ ಖಾತರಿಯಿಲ್ಲ. ಏಡಿಯ ಮಾತು ಮಾತ್ರ ಇಂದಿಗೂ ಸುಲಭವಾಗಿ ಕೈಗೆಟಕುತ್ತದೆ.

ದುಡ್ಡಿನ ಗೋಡೆಯ ಇತಿಹಾಸವೂ ಇದರ ಜೊತೆಜೊತೆಗೇ ಬೆಳೆದಿದೆ. ಚಂದಾ ಇಲ್ಲದವರು ಒಂದು ಪ್ರಬಂಧ ಓದಲು ಸಾಮಾನ್ಯವಾಗಿ 30ರಿಂದ 40 ಡಾಲರ್ ತೆರಬೇಕು. ಅಡಿಕೆ ತೋಟದ ಕೂಲಿಯ ಲೆಕ್ಕದಲ್ಲಿ ಅದು ಹಲವು ದಿನಗಳ ದುಡಿಮೆ. ಬಡ ದೇಶಗಳಿಗೆ ವೈದ್ಯಕೀಯ ನಿಯತಕಾಲಿಕೆಗಳನ್ನು ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಒದಗಿಸಲು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಾಶಕರೊಡನೆ ಸೇರಿ 2002ರಲ್ಲಿ ಹಿನಾರಿ ಯೋಜನೆ ಆರಂಭಿಸಿದಾಗ ಭಾರತ ಅದರ ಹೊರಗುಳಿಯಿತು, ಏಕೆಂದರೆ ಪ್ರಕಾಶಕರಿಗೆ ಇಲ್ಲಿ ಆಗಲೇ ಚಂದಾದಾರರಿದ್ದರು. 2007ರಲ್ಲಿ ಐಸಿಎಂಆರ್ ಇಡೀ ದೇಶದ ಪರವಾಗಿ ಕಾಕ್ರೇನ್ ಗ್ರಂಥಾಲಯದ ಚಂದಾ ತುಂಬಿದ್ದು, ನನ್ನ ಮಟ್ಟಿಗೆ, ಈ ಕಥೆಯ ಬಹಳ ಉದಾರವಾದ ಹೆಜ್ಜೆ: ಇಂಟರ್‌ನೆಟ್ ಇದ್ದ ಯಾರೇ ಆಗಲಿ, ಯಾವ ಕಾಲೇಜಿಗೂ ಸೇರದಿದ್ದರೂ, ಚಿಕಿತ್ಸೆಗಳ ತೌಲನಿಕ ವಿಮರ್ಶೆಗಳನ್ನು ಓದಬಹುದಿತ್ತು.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಗಾತ್ರದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು. ಆದರೆ ಇದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಮೀಸಲು. ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗೆ ತೆರೆಯುವ ಪುಟ, 2018-19ರಲ್ಲಿ ಮಂಗನ ಕಾಯಿಲೆ ಉಲ್ಬಣಿಸಿದ ಅರಳಗೋಡಿನಂಥ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಯೋಜನೆಯಿಂದ ತೆರೆಯುವುದಿಲ್ಲ.

ಇನ್ನು ಭಾಷೆ. ಜರ್ಮನ್ ಭಾಷಿಕ ಸಂಶೋಧಕರು ಪ್ರಕಟಿಸಿದ ಚಿಕಿತ್ಸಾ ಪರೀಕ್ಷೆಗಳನ್ನು ಮಥಿಯಾಸ್ ಎಗ್ಗರ್ ಮತ್ತು ಸಂಗಡಿಗರು 1997ರಲ್ಲಿ ಹೋಲಿಸಿದಾಗ, ಇಂಗ್ಲಿಷಿನಲ್ಲಿ ಪ್ರಕಟವಾದವುಗಳಲ್ಲಿ ಶೇ 63ರಷ್ಟು ಸ್ಪಷ್ಟ ಪರಿಣಾಮ ತೋರಿದ್ದವು, ಜರ್ಮನ್‌ನಲ್ಲಿ ಪ್ರಕಟವಾದವುಗಳಲ್ಲಿ ಶೇ 35 ಮಾತ್ರ. ಅಂದರೆ ಇಂಗ್ಲಿಷನ್ನಷ್ಟೇ ಓದುವವರಿಗೆ ಔಷಧಿಗಳು ಇರುವುದಕ್ಕಿಂತ ಹೆಚ್ಚು ಗುಣಕಾರಿಯಾಗಿ ಕಾಣಬಹುದು. ಕನ್ನಡದ ಸ್ಥಿತಿ ಬೇರೆ. 'ಮಂಗನ ಕಾಯಿಲೆ' ಎಂದು ಕನ್ನಡದಲ್ಲಿ ಹುಡುಕಿದರೆ ಸಾವಿನ ಸುದ್ದಿಗಳು, ಮುನ್ನೆಚ್ಚರಿಕೆಯ ಪ್ರಕಟಣೆಗಳು ಬರುತ್ತವೆ. ಲಸಿಕೆಯ ಆ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ವಿವರಿಸುವ ಪುಟ ನನಗೆ ಸಿಗಲಿಲ್ಲ. ಸದ್ಯಕ್ಕೆ ಹುಡುಕುವವರು ಇಂಗ್ಲಿಷಿನಲ್ಲೇ ಹುಡುಕಬೇಕು: ಶಿವಮೊಗ್ಗ, ಶಿಮೊಗಾ, ಮೈಸೂರು ರಾಜ್ಯ ಮೂರನ್ನೂ ಕೊಟ್ಟು, ಸಾರಾಂಶವಿಲ್ಲದ ಹಳೆಯ ಶೀರ್ಷಿಕೆಗಳನ್ನು ಗುರುತು ಹಾಕಿಕೊಂಡು, ಹತ್ತಿರದ ವೈದ್ಯಕೀಯ ಕಾಲೇಜಿನ ಗ್ರಂಥಪಾಲಕರ ಮುಂದೆ ಆ ಪಟ್ಟಿಯನ್ನು ಇಟ್ಟು ಕೇಳಬೇಕು.